ಹಿತ್ತಲ ಚಿಕ್ಕಮ್ಮ

ಮೊದಲೇ ಹೇಳ್ಬಿಡ್ತೀನಿ, ಬಾಳೆ ಮರ ಅಲ್ಲ. ಯಾರಾದ್ರೂ ನನ್ನ ಮುಂದೆ "ಬಾಳೆ ಮರ" ಅಂದ್ರೆ ಮೈಯೆಲ್ಲಾ ಕಡಿತ ಬರುತ್ತೆ ನಂಗೆ. ಬಸ್ಸಲ್ಲಿ ಪಕ್ಕದ ಸೀಟಿನೋರು ಅಂದ್ರೂ ಬಿಡಲ್ಲ. ತಿರುಗಿ ಹೇಳ್ತೀನಿ, "ಆಂಟೀ, ಅದು ಮರ ಅಲ್ಲ, ಮೂಲಿಕೆ. ಶುಂಠಿ, ಅರಿಶಿನದ ಥರ. ಗಾತ್ರ ದೊಡ್ದು ಅಷ್ಟೇ." ಆಂಟಿ ಎದ್ದು ಬೇರೆ ಸೀಟಿಗೆ ಹೋಗ್ತಾರೆ. ಹೋಗ್ಲಿ. ವಿಜ್ಞಾನಕ್ಕೆ ಕಿಟಕಿ ಪಕ್ಕದ ಸೀಟು ಸಿಗೋದೇ ಹಿಂಗೆ.

ನಾನು ಗೌತಮಿ. ಊರು ನಂಜನಗೂಡು. ಬಿಎಸ್ಸಿ ಎರಡನೇ ವರ್ಷ, ಬಾಟನಿ. ಇಂಟರ್ನಲ್ಸಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಈ ಕಥೆಗೆ ಅದು ಬೇಕಾಗಿಲ್ಲ, ಆದ್ರೂ ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ.

ಕಥೆ ನಮ್ಮ ಚಿಕ್ಕಪ್ಪಂದು. ಹೆಸರು ನಿಂಗರಾಜು, ವಯಸ್ಸು ಮೂವತ್ತಾರು, ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟ್ರಿ ಗೇಟಲ್ಲಿ ಲಾರಿ ತೂಕ ಹಾಕೋ ಕೆಲಸ. ತುಂಬಾ ಒಳ್ಳೇ ಮನುಷ್ಯ. ಆದ್ರೆ ತಲೆಯೊಳಗೆ ಯಾವಾಗ್ಲೂ ಸಂದೀಲಿ ಎರಡು ಬಸ್ಸು ಎದುರುಬದುರಾಗಿ ನಿಂತಿರುತ್ತೆ. ಒಂದ್ಸಲ ಲಾರಿ ಜೊತೆ ತಾನೂ ತೂಕದ ಕಟ್ಟೆ ಮೇಲೆ ನಿಂತ್ಕೊಂಡು ತೂಕ ಬರೆದಿದ್ದ. ಎಂಬತ್ತು ಕೇಜಿ ಜಾಸ್ತಿ ಬಂತು ಅಂತ ಕಂಪ್ನಿಯೋರು ಲಾರಿ ಪೂರ್ತಿ ಇಳಿಸಿ ಹುಡುಕಿಸಿದ್ರು. ಸಿಗ್ಲಿಲ್ಲ. ಆ ಎಂಬತ್ತು ಕೇಜಿ ಅವರ ಪಕ್ಕದಲ್ಲೇ ಬಗ್ಗಿ ತಾನೂ ಹುಡುಕ್ತಾ ಇತ್ತು.

ಇಂಥ ಚಿಕ್ಕಪ್ಪನ್ನ ಹನ್ನೊಂದು ಹುಡುಗೀರು ಬೇಡ ಅಂದಮೇಲೆ ಹನ್ನೆರಡನೆಯವಳು ಒಪ್ಕೊಂಡ್ಳು. ಟಿ. ನರಸೀಪುರ ತಾಲ್ಲೂಕು ಹೆಮ್ಮಿಗೆಯ ಕೋಮಲ. ಡಿಗ್ರಿ ಮುಗ್ಸಿ ಅಪ್ಪನ ಜೊತೆ ತೋಟ ನೋಡ್ಕೊಳ್ತಿದ್ಳು. ಹೆಣ್ಣು ನೋಡೋಕೆ ಹೋದಾಗ ನಮ್ಮ ಚಿಕ್ಕಪ್ಪ ಕಾಫಿ ಲೋಟ ತಗೊಳೋ ಬದ್ಲು ತಟ್ಟೇನೇ ತಗೊಂಡು ಲೋಟ ಅವಳ ಕೈಗೆ ಕೊಟ್ಟ. ಅವಳು ನಕ್ಕಳು. ಆವತ್ತಿಂದ ಇವನು ನಮ್ಮ ಕೈಗೆ ಸಿಕ್ಕಿಲ್ಲ. ಬೆಳಗ್ಗೆ ಬೆಳಗ್ಗೆ ಕನ್ನಡಿ ಮುಂದೆ ನಿಂತು "ಕೋಮಲ ನಿಂಗರಾಜು, ಕೋಮಲ ನಿಂಗರಾಜು" ಅಂತ ತಾಳಕ್ಕೆ ಸರಿಯಾಗಿ ಹಲ್ಲುಜ್ಜೋನು.

ಮದುವೆಗೆ ಹನ್ನೆರಡು ದಿನ ಇತ್ತು. ಆಗ ನಮ್ಮಜ್ಜಿ ಕೆಂಪಾಜಮ್ಮ ಜಾತಕ ತಗೊಂಡು ಗಂಗಾಧರಸ್ವಾಮಿ ಅನ್ನೋ ಶಾಸ್ತ್ರ ಹೇಳೋರ ಹತ್ರ ಹೋದ್ಳು. ಲಗ್ನಪತ್ರಿಕೆ ಹಂಚಿಯಾದ್ಮೇಲೆ ಜಾತಕ ತೋರ್ಸೋದು ನಮ್ಮನೆ ಪದ್ಧತಿ. ಮುಂಚೆ ತೋರ್ಸಿದ್ರೆ ಏನಾದ್ರೂ ತೊಂದರೆ ಹೇಳ್ಬಿಟ್ರೆ ಅಂತ ಭಯ.

ಸ್ವಾಮಿಗಳು ಜಾತಕ ನೋಡಿದ್ರು, ಕನ್ನಡಕ ಒರೆಸ್ಕೊಂಡ್ರು, ಮತ್ತೆ ನೋಡಿದ್ರು. "ಕೆಂಪಾಜಮ್ಮಾ, ಕುಜ ಏಳನೇ ಮನೇಲಿ ಚಕ್ಕಳಮಕ್ಕಳ ಹಾಕಿ ಕೂತವ್ನೆ. ನಿಮ್ಮ ಹುಡುಗನ ಮೊದಲ್ನೇ ಹೆಂಡ್ತಿ ಉಳಿಯಲ್ಲ."

"ಅಯ್ಯೋ ನನ್ನಪ್ಪ! ಈಗೇನ್ ಮಾಡಾದು?"

"ಮೊದಲ್ನೇ ಹೆಂಡ್ತಿ ಉಳಿಯಲ್ಲ ಅಂದ್ರೆ, ಉಳೀದೇ ಇರೋ ಹೆಂಡ್ತೀನ ಮೊದ್ಲು ಕಟ್ಕೊಂಡ್ಬಿಡೋದು. ಬಾಳೆಗೆ ತಾಳಿ ಕಟ್ಟಿ, ಆಮೇಲೆ ಕಡಿದುಬಿಡಿ. ದೋಷ ಅವಳ ಜೊತೆ ಹೋಗುತ್ತೆ. ಕೋಮಲ ಎರಡನೆಯವಳಾಗಿ ನೂರು ವರ್ಷ ಬಾಳ್ತಾಳೆ."

ಅಜ್ಜಿ ಮನೆಗೆ ಬಂದವಳೇ ಬಾಗ್ಲು ಹಾಕಿ ಆಣೆ ಮಾಡಿಸ್ಕೊಂಡ್ಳು, ಹೆಮ್ಮಿಗೆಯೋರಿಗೆ ಒಂದು ಮಾತೂ ಹೋಗ್ಕೂಡದು ಅಂತ. ಈ ಗುಟ್ಟೇ ಮುಂದಕ್ಕೆ ಎಲ್ಲಾನೂ ಕೆಡಿಸಿದ್ದು.

ಸ್ವಾಮಿಗಳು ಹೊಳೆದಂಡೆ ತೋಟದಲ್ಲಿ ಮಾಡೋಣ ಅಂದ್ರು. ಅಜ್ಜಿ ಜನ ನೋಡ್ತಾರೆ ಅಂತ ನಮ್ಮ ಹಿತ್ತಲಲ್ಲೇ ಮಾಡ್ಸಿದ್ಳು. ನಮ್ಮ ಹಿತ್ತಲಲ್ಲಿ ಬಚ್ಚಲಮನೆ ದಾರೀಲಿ ಒಂದೇ ಒಂದು ಬಾಳೆ ಇತ್ತು. ಅಜ್ಜೀನೇ ನೆಟ್ಟಿದ್ದು, ಅಪ್ಪಟ ನಂಜನಗೂಡು ರಸಬಾಳೆ. ಇನ್ನೂ ಗೊನೆ ಹಾಕಿರ್ಲಿಲ್ಲ. ಕನ್ಯೆ ಅಂತ ಸ್ವಾಮಿಗಳಿಗೆ ಭಾರೀ ಖುಷಿ.

ಶುಕ್ರವಾರ ಬೆಳಗ್ಗೆ ಮದುವೆ. ಬಾಳೆಗೆ ಹಳದಿ ಸೀರೆ ಸುತ್ತಿದ್ರು. ಚಿಕ್ಕಪ್ಪ ಪಂಚೆ ಉಟ್ಕೊಂಡು ಬಂದು ಅದರ ಮುಂದೆ ನಿಂತು ನಾಚ್ಕೊಂಡ. ನಿಜವಾಗ್ಲೂ ನಾಚ್ಕೊಂಡ. ತಾಳಿ ಕಟ್ಟುವಾಗ "ಬಿಗಿ ಆಯ್ತಾ?" ಅಂತ ಅದನ್ನೇ ಕೇಳ್ದ. ಆಮೇಲೆ ಅಜ್ಜಿ ಅವನ ಕೈಗೆ ಮಚ್ಚು ಕೊಟ್ಟಾಗ ಮುಖ ಸಪ್ಪಗಾಯ್ತು. "ಮದ್ವೆಯಾಗಿ ಐದ್ನಿಮಿಷ ಆಗಿಲ್ವಲ್ಲವ್ವಾ," ಅಂದ. ಕಣ್ಣು ಮುಚ್ಕೊಂಡು ಬೀಸ್ದ. ಸೊಂಟದ ಎತ್ತರಕ್ಕೆ ತುಂಡಾಯ್ತು. ಎಲ್ಲಾರೂ ತಣ್ಣೀರು ಸ್ನಾನ ಮಾಡಿದ್ರು. ಅಜ್ಜಿ ಎರಡು ಹನಿ ಕಣ್ಣೀರೂ ಹಾಕಿದ್ಳು, ಸೊಸೆ ಅಲ್ವಾ.

ಮಾರನೇ ದಿನ ಬೆಳಗ್ಗೆ ಹಿತ್ತಲಿಂದ ಒಂದು ಕಿರುಚಾಟ ಬಂತು. ಓಡಿಹೋದ್ರೆ ಚಿಕ್ಕಪ್ಪ ಬ್ರಷ್ ಬಾಯಲ್ಲಿಟ್ಕೊಂಡೇ ಗೋಡೆಗೆ ಅಂಟ್ಕೊಂಡು ನಿಂತವ್ನೆ.

"ಎದ್ದವ್ಳೆ! ಗೌತಮೀ, ಎದ್ದವ್ಳೆ ಕಣೇ!"

ನೋಡಿದ್ರೆ ಕಡಿದ ಬುಡದ ನಡುಮಧ್ಯದಿಂದ ಎಳೇ ಹಸಿರು ಸುರುಳಿ ಒಂದು ಗೇಣುದ್ದ ಮೇಲೆ ಬಂದಿತ್ತು. ರಾತ್ರೋರಾತ್ರಿ! ನಂಗೆ ಕುಣಿಯೋ ಹಂಗಾಯ್ತು. ಪುಸ್ತಕದಲ್ಲಿ ಓದಿದ್ದು ನಮ್ಮ ಬಚ್ಚಲ ದಾರೀಲಿ ನಡೀತಿದೆ! ನಾನು ನೀರು ಕಾಯಿಸೋ ಹಂಡೆ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತೇ ಬಿಟ್ಟೆ.

"ಚಿಕ್ಕಪ್ಪಾ, ಭಯ ಪಡ್ಬೇಡ. ನೀನು ಕಡಿದಿದ್ದು ಕಾಂಡಾನೇ ಅಲ್ಲ! ಎಲೆ ಬುಡಗಳು ಒಂದರ ಮೇಲೊಂದು ಸುತ್ಕೊಂಡು ಕಾಂಡದ ಥರ ಕಾಣುತ್ತೆ ಅಷ್ಟೇ, ಮಡಿಕೆ ಮಡಿಕೆ ಸೀರೆ ಥರ. ನಿಜವಾದ ಕಾಂಡ ಗಡ್ಡೆಯಾಗಿ ಮಣ್ಣೊಳಗಿದೆ. ಇದರಲ್ಲಿ ಚೂರೂ ಮರದ ಅಂಶ ಇಲ್ಲ. ಬಹುವಾರ್ಷಿಕ ಮೂಲಿಕೆ. ಮೇಲೆ ಎಷ್ಟು ಕಡಿದ್ರೂ ಕೆಳಗಿಂದ ಬರ್ತಾನೇ ಇರುತ್ತೆ. ವೈಜ್ಞಾನಿಕವಾಗಿ ಹೇಳ್ಬೇಕು ಅಂದ್ರೆ, ನೀನು ಬರೀ ಸೀರೆ ಕತ್ತರಿಸಿದ್ದೀಯ. ಚಿಕ್ಕಮ್ಮ ಬದುಕಿದ್ದಾರೆ!"

ನನ್ನ ಜೀವನದ ಅತ್ಯುತ್ತಮ ಭಾಷಣ ಅದು. ಚಪ್ಪಾಳೆ ಬರ್ಲಿಲ್ಲ. ಬದಲಿಗೆ ಕಾಂಪೌಂಡ್ ಮೇಲಿಂದ ಪಕ್ಕದ ಮನೆ ಚಿಕ್ಕಬಸಮ್ಮನ ತಲೆ ಬಂತು.

"ಯಾವ ಚಿಕ್ಕಮ್ಮ ಬದುಕವ್ಳೆ?" ಅಂತು ತಲೆ.

ಅಜ್ಜಿ ಸ್ವಾಮಿಗಳಿಗೆ ಫೋನ್ ಮಾಡಿದ್ಳು. ಅವರು "ಮತ್ತೆ ಕಡೀರಿ" ಅಂದ್ರು. ಕಡಿದ. ಭಾನುವಾರ ಮತ್ತೆ ಬಂತು. ಮತ್ತೆ ಕಡಿದ. ಸೋಮವಾರ ಇನ್ನೂ ದಪ್ಪಗೆ ಬಂತು, ಸಿಟ್ಟಲ್ಲಿ ಬಂದಂಗಿತ್ತು. ಚಿಕ್ಕಪ್ಪ ಆ ದಾರೀಲಿ ಸ್ನಾನಕ್ಕೆ ಹೋಗೋದೇ ಬಿಟ್ಟ. ಫ್ಯಾಕ್ಟ್ರಿ ನಲ್ಲೀಲಿ ಸ್ನಾನ ಮಾಡ್ಕೊಂಡು ಬರೋಕೆ ಶುರು ಮಾಡ್ದ.

ಸ್ವಾಮಿಗಳು ಖುದ್ದಾಗಿ ಬಂದ್ರು, ನೋಡಿ ತಲೆ ಮೇಲೆ ಕೈ ಇಟ್ಕೊಂಡ್ರು. "ಮೂವತ್ತು ವರ್ಷದಿಂದ ಬಾಳೆ ಮದುವೆ ಮಾಡಿಸ್ತಿದೀನಿ, ಒಬ್ರೂ ಕಂಪ್ಲೇಂಟ್ ಹೇಳಿಲ್ಲ. ಕಡಿದ ಮೇಲೆ ತಿರುಗಿ ನೋಡ್ಬಾರದು ಅಂತಾನೇ ಶಾಸ್ತ್ರ ಇರೋದು. ನೀವು ಬಚ್ಚಲ ದಾರೀಲಿ ಮಾಡಿಸಿ ದಿನಾ ಎರಡು ಹೊತ್ತು ನೋಡ್ತೀರಲ್ಲಮ್ಮ!"

"ಹಂಗಾದ್ರೆ ಆ ಮೂವತ್ತು ವರ್ಷದ ಗಿಡಗಳೂ ಚಿಗುರಿರ್ಬೇಕಲ್ಲ ಸ್ವಾಮೀ?" ಅಂದೆ ನಾನು.

"ಈ ಮಗೂನ ಒಳಗೆ ಕಳ್ಸಿ," ಅಂದ್ರು ಸ್ವಾಮಿಗಳು.

ಕೊನೆಗೆ ಬೇರು ಸಮೇತ ಕೀಳೋಣ ಅಂತ ಸುತ್ತ ಬಿದ್ದಿದ್ದ ಒಣಗಿದ ಎಲೆ ಸರಿಸಿ ಬುಡ ಬಿಡಿಸಿದ್ರೆ, ಗಡ್ಡೆ ಸುತ್ತ ಮೂರು ಮರಿ ಗಿಡ, ಕಂದು ಅಂತಾರಲ್ಲ ಅವು, ಕತ್ತಿ ಥರ ಎಲೆ ಎತ್ಕೊಂಡು ನಿಂತಿವೆ. ಒಂದೊಂದೂ ಮೊಳಕಾಲುದ್ದ. ಚಿಕ್ಕಪ್ಪ ಗುದ್ಲಿ ಬಿಸಾಕಿ ಕೂತ್ಬಿಟ್ಟ. "ಕೂಸುಗಳಿರೋ ತಾಯೀನ ನಾನು ಕೀಳಲ್ಲ," ಅಂದ. ಅಜ್ಜಿ ಎಷ್ಟು ಬೈದ್ರೂ ಏಳ್ಲಿಲ್ಲ.

ಇದಿಷ್ಟೂ ಕಾಂಪೌಂಡ್ ಮೇಲಿನ ತಲೆ ನೋಡ್ತು. ಚಿಕ್ಕಬಸಮ್ಮಂಗೆ ಟಿ. ನರಸೀಪುರ ಬಸ್‌ಸ್ಟ್ಯಾಂಡಲ್ಲಿ ಹೂವು ಮಾರೋ ತಂಗಿ ಇದಾಳೆ. ಫೋನಲ್ಲಿ ಎಲ್ಲಾ ಹೇಳಿದ್ಳು. ಸುಳ್ಳು ಹೇಳ್ಲಿಲ್ಲ ಪಾಪ, ಒಂದೇ ಒಂದು ಪದ ಬಿಟ್ಟಿದ್ಳು. ಬಾಳೆ ಅನ್ನೋದನ್ನ. ತಂಗಿ ಅದನ್ನ ಹೂವಿನ ಜೊತೆ ಹೆಮ್ಮಿಗೆ ಬಸ್ಸಿಗೆ ಹತ್ತಿಸಿದ್ಳು. ಬಸ್ಸು ಹೆಮ್ಮಿಗೆ ಮುಟ್ಟೋ ಹೊತ್ತಿಗೆ ಸುದ್ದಿ ಹಿಂಗಾಗಿತ್ತು: ನಂಜನಗೂಡು ನಿಂಗರಾಜಂಗೆ ಮೊದ್ಲೇ ಮದ್ವೆ ಆಗ್ಬುಟ್ಟದೆ, ಹೆಂಡ್ತೀನ ಹಿತ್ತಲಲ್ಲಿ ಮಡಗವ್ನೆ, ಮೂರು ಸತಿ ಮಚ್ಚಲ್ಲಿ ಕಡ್ದವ್ನೆ, ಅವ್ಳು ಸಾಯ್ಲಿಲ್ಲ, ಮೂರು ಮಕ್ಳು.

ಬುಧವಾರ ಮಧ್ಯಾಹ್ನ ನಮ್ಮನೆ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಲ್ತು. ಕೋಮಲಳ ಅಪ್ಪ ಪುಟ್ಟಸ್ವಾಮಿ, ಅಮ್ಮ ಚಲುವಮ್ಮ, ಹಿಂದೆ ಕೋಮಲ. ಪುಟ್ಟಸ್ವಾಮಿ ಲುಂಗಿ ಎತ್ತಿ ಕಟ್ಕೊಂಡೇ ಇಳಿದ್ರು. ಗಲಾಟೆ ವಾಸನೆ ಹಿಡಿದು ಎದುರು ಮನೆ ಕರಿಯಯ್ಯ ಬಂದ್ರು. ಅವರು ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ರಿಟೈರ್ ಆಗಿ ಎಂಟು ವರ್ಷ ಆದ್ರೂ ಎಲ್ಲಿ ಜಗಳ ಆದ್ರೂ ಜೇಬಿಂದ ಪೆನ್ನು ತೆಗೀತಾರೆ.

"ಎಲ್ಲವ್ಳೆ ಅವ್ಳು?" ಅಂದ್ರು ಪುಟ್ಟಸ್ವಾಮಿ.

ಚಿಕ್ಕಪ್ಪ ಮಾವನ್ನ ನೋಡಿ ಗಾಬರಿಯಾಗಿ ಕೈಲಿದ್ದ ಊಟದ ತಟ್ಟೇಲೇ ನಮಸ್ಕಾರ ಮಾಡ್ದ. "ಯಾರು ಮಾವ?"

"ನಿನ್ನ ಮೊದಲ್ನೇ ಹೆಂಡ್ತಿ ಕಣ್ಲಾ!"

ಇವನು ಯಾರು ಬಾಯಿ ಬಿಟ್ರು ಅಂತ ನಮ್ಮ ಮುಖ ನೋಡ್ದ. ಆಮೇಲೆ ತಲೆ ತಗ್ಗಿಸಿ, "ಹಿತ್ತಲಲ್ಲವ್ಳೆ ಮಾವ. ಕ್ಷಮಿಸ್ಬೇಕು. ನಿಮಗೆ ಗೊತ್ತಾಗೋಷ್ಟ್ರಲ್ಲಿ ಮುಗಿಸ್ಬೇಕು ಅಂತಿದ್ದೆ," ಅಂದ.

ಕರಿಯಯ್ಯ ಪೆನ್ನಿನ ಕ್ಯಾಪ್ ತೆಗೆದ್ರು.

"ಮುಗಿಸ್ಬೇಕು ಅಂತಿದ್ಯಾ?" ಚಲುವಮ್ಮ ಎದೆ ಮೇಲೆ ಕೈ ಇಟ್ಕೊಂಡ್ಳು.

"ಹೂಂ ಅತ್ತೆ, ಮೂರು ಸತಿ ಕಡ್ದೆ. ಸೊಂಟಕ್ಕೆ ಒಂದ್ಸಲ, ಮಂಡಿ ಹತ್ರ ಎರಡು ಸಲ. ಮಾರನೇ ದಿನ ನೆಟ್ಟಗೆ ನಿಂತಿರ್ತಾಳೆ."

"ಬರ್ಕೊಂಡೆ," ಅಂದ್ರು ಕರಿಯಯ್ಯ. "ಆಯುಧ?"

"ಅವ್ವನ ಮಚ್ಚು."

"ಎರಡನೇ ಆರೋಪಿ ಕೆಂಪಾಜಮ್ಮ," ಅಂತ ಕರಿಯಯ್ಯ ಬರ್ಕೊಂಡ್ರು. "ಮಕ್ಳು ನಿಂದೇನಾ?"

ಇಲ್ಲಿ ನನ್ನಿಂದ ಸುಮ್ನಿರೋಕೆ ಆಗ್ಲಿಲ್ಲ. "ಮಕ್ಕಳಿಗೆ ಅಪ್ಪ ಅಂತ ಯಾರೂ ಇಲ್ಲ ಅಂಕಲ್! ಅವು ಗಡ್ಡೆಯಿಂದಾನೇ ಹುಟ್ಟೋದು. ಅಷ್ಟೇ ಯಾಕೆ, ಇದಕ್ಕೆ ಕಾಯಿ ಕಚ್ಚೋಕೂ ಪರಾಗ ಬೇಕಾಗಿಲ್ಲ. ಅದಕ್ಕೇ ಹಣ್ಣಲ್ಲಿ ಬೀಜ ಇರಲ್ಲ. ಗಂಡನ ಅವಶ್ಯಕತೇನೇ ಇಲ್ಲದ ಜಾತಿ!"

ಕರಿಯಯ್ಯನ ಪೆನ್ನು ನಿಂತ್ಹೋಯ್ತು. ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಸಾಕ್ಷಿ ಹೇಳಿಕೆ ಅವರು ಕೇಳಿರ್ಲಿಲ್ಲ.

ಪುಟ್ಟಸ್ವಾಮಿ ನಮ್ಮನ್ನೆಲ್ಲಾ ತಳ್ಕೊಂಡು ಹಿತ್ತಲಿಗೆ ನುಗ್ಗಿದ್ರು. ಹಿಂದೆ ಎಲ್ಲಾರೂ. ಅಲ್ಲಿ ಬಚ್ಚಲ ದಾರೀಲಿ ಮಂಡಿಯುದ್ದದ ಬಾಳೆ ಬುಡ, ಅದಕ್ಕೆ ಹಳದಿ ಸೀರೆ, ತಾಳಿ. ತಲೆ ಮೇಲೆ ಹೊಸ ಎಲೆ ಗಾಳಿಗೆ ಆಡ್ತಿತ್ತು. ಸುತ್ತ ಮೂರು ಕಂದು.

ಪುಟ್ಟಸ್ವಾಮಿ ಬಗ್ಗಿ ಸೀರೆ ಅಂಚು ಎತ್ತಿ ನೋಡಿದ್ರು. ಆಮೇಲೆ ಲುಂಗಿ ಕೆಳಗೆ ಬಿಟ್ಟು ನಗೋಕೆ ಶುರು ಮಾಡಿದ್ರು. ನಕ್ಕು ನಕ್ಕು ಹಂಡೆ ಒಲೆ ಮೇಲೆ ಕೂತ್ರು, ಬಿಸಿ ಇತ್ತು, ಎದ್ರು, ಮತ್ತೆ ನಕ್ರು. ಕರಿಯಯ್ಯ ಬರೆದ ಹಾಳೆ ಹರಿದು ಜೇಬಿಗೆ ಹಾಕ್ಕೊಂಡ್ರು. ಮುಗೀತು ಅಂತ ನಾವೆಲ್ಲಾ ಉಸಿರು ಬಿಟ್ವಿ.

ಚಲುವಮ್ಮ ಮಾತ್ರ ನಗ್ಲಿಲ್ಲ.

"ಬಾಳೆಗೆ ತಾಳಿ ಯಾಕ್ ಕಟ್ಟುಸ್ದ್ರಿ ಅಂತ ನಂಗೊತ್ತಿಲ್ವಾ ಕೆಂಪಾಜಮ್ಮಾ? ಹುಡುಗಂಗೆ ದೋಷ ಅದೆ. ನಮಗೇಳ್ದೆ ಮುಚ್ಚಿಟ್ರಿ. ಇರ್ಲಿ ಅಂದ್ರೆ, ಕಡಿದ ಬಾಳೇನೂ ಸತ್ತಿಲ್ಲ. ಅಂದ್ರೆ ದೋಷ ಹಂಗೇ ಅದೆ. ನಮ್ಮುಡುಗಿ ತಲೆ ಮೇಲೆ ಅದೆ. ನಡೀರಿ, ಈ ಮದ್ವೆ ಬ್ಯಾಡ."

ಚಿಕ್ಕಪ್ಪನ ಮುಖ ನೋಡ್ಬೇಕಿತ್ತು. ಲಾರಿ ಕೆಳಗೆ ಸಿಕ್ಕ ತಕ್ಕಡಿ ಥರ ಆಗಿತ್ತು. ಕೋಮಲನ್ನ ನೋಡ್ದ, ಬಾಳೆ ನೋಡ್ದ, ಏನೂ ತೋಚದೆ ಕೈಲಿದ್ದ ತಟ್ಟೆ ಬಾಳೆ ಬುಡಕ್ಕೆ ಇಟ್ಟ.

ಅಜ್ಜಿ ಸ್ವಾಮಿಗಳಿಗೆ ಹೇಳಿ ಕಳಿಸಿದ್ಳು. ಅವರ ಮನೆ ಎರಡು ಬೀದಿ ಆಚೆ, ಅರ್ಧ ಊಟದಲ್ಲಿ ಎದ್ದು ಬಂದ್ರು. ಬಂದು ಬುಡ ಮುಟ್ಟಿ ನೋಡಿ ಘನಗಂಭೀರವಾಗಿ, "ನನ್ನ ಲೆಕ್ಕದಲ್ಲಿ ಇದು ಸತ್ತಂಗೇ," ಅಂದ್ರು.

"ಸತ್ತದ್ದು ಎಲೆ ಬಿಟ್ಟದಾ?" ಅಂದ್ಳು ಚಲುವಮ್ಮ. ಆಮೇಲೆ ನನ್ನ ಕಡೆ ತಿರುಗಿದ್ಳು. "ನೀನು ಗಿಡದ ಇದ್ಯೆ ಓದ್ತೀಯಂತಲ್ಲ ಮಗಾ. ನಿನ್ನ ಪುಸ್ತಕದ ಮೇಲೆ ಆಣೆ ಇಟ್ಟು ಹೇಳು. ಇದು ಸತ್ತದಾ, ಬದುಕದಾ?"

ಎಲ್ಲಾರೂ ನನ್ನ ನೋಡಿದ್ರು. ಅಜ್ಜಿ ಹಿಂದಿಂದ ಸೊಂಟ ಚಿವುಟಿದ್ಳು, ಸತ್ತದೆ ಅನ್ನು ಅಂತ. ಸ್ವಾಮಿಗಳು ಕಣ್ಣಲ್ಲೇ ಕೈ ಮುಗಿದ್ರು. ಚಿಕ್ಕಪ್ಪ ಏನೂ ಕೇಳ್ಲಿಲ್ಲ, ಬುಡದಲ್ಲಿಟ್ಟ ತಟ್ಟೇನೇ ನೋಡ್ತಿದ್ದ. ನಂಗೆ ಸೈಕಲ್ ಕಲಿಸಿದ ಚಿಕ್ಕಪ್ಪ, ಕಲಿಸ್ತಾ ತಾನೇ ಚರಂಡಿಗೆ ಬಿದ್ದ ಚಿಕ್ಕಪ್ಪ. ಒಂದು ಸುಳ್ಳು ಹೇಳಿದ್ರೆ ಅವನ ಮದುವೆ. ಹೇಳೋಣ ಅಂತ ಬಾಯಿ ತೆಗೆದೆ, ನಿಜವಾಗ್ಲೂ ತೆಗೆದೆ. ಆದ್ರೆ ಆ ಹೊಸ ಎಲೆ ಇತ್ತಲ್ಲ, ಮೂರು ಸಲ ಕಡಿಸ್ಕೊಂಡು ಮೂರು ಸಲಾನೂ ಎದ್ದು ನಿಂತಿತ್ತಲ್ಲ, ಅದರ ಮುಂದೆ ನಿಂತು ಅದು ಸತ್ತಿದೆ ಅಂತ ಹೆಂಗ್ ಹೇಳ್ಲಿ?

"ಬದುಕಿದೆ," ಅಂದೆ. "ಗೊನೆ ಬಿಟ್ಟಮೇಲೆ ಈ ಒಂದು ಬುಡ ಸಾಯುತ್ತೆ. ಅಷ್ಟ್ರಲ್ಲಿ ಕಂದುಗಳು ಬೆಳೆದಿರ್ತವೆ. ಆ ಕಂದುಗಳೂ ಇದೇನೇ. ಒಂದೇ ಗಿಡ. ಅದು ಸಾಯೋದೇ ಕಷ್ಟ."

ಅಜ್ಜಿ ನನ್ನ ಜಡೆ ಹಿಡ್ಕೊಂಡ್ಳು. ಚಿಕ್ಕಪ್ಪ ಗೋಡೆಗೆ ಒರಗಿ ಮೆಲ್ಲಗೆ ಜಾರಿ ಕೂತ. ಚಲುವಮ್ಮ ಸೆರಗು ಬಿಗಿ ಮಾಡ್ಕೊಂಡು ಹೊರಟೇ ಬಿಟ್ಳು.

"ಒಂದ್ನಿಮಿಷ ಇರವ್ವ."

ಅದು ಕೋಮಲ. ಇಷ್ಟೊತ್ತೂ ಅವಳು ಬಾಳೆ ಬುಡದ ಹತ್ರ ಕೂತ್ಕೊಂಡು ಕಂದುಗಳನ್ನ ತಿರುಗಿಸಿ ತಿರುಗಿಸಿ ನೋಡ್ತಿದ್ಳು. ಕೈ ಮಣ್ಣು ಕೊಡವಿ ಎದ್ಳು.

"ಸ್ವಾಮಿಗಳೇ, ಜಾತಕದಲ್ಲಿ ಏನದೆ? ಇವರ ಮೊದಲ್ನೇ ಹೆಂಡ್ತಿ ಉಳಿಯಲ್ಲ ಅಂತ ತಾನೆ?"

"ಹೌದಮ್ಮ. ಕಡಾಖಂಡಿತ."

"ಈ ಬಾಳೆ ಮದ್ವೆ ಸರಿಯಾಗಿ ಆಗಿದ್ಯಾ? ಮಂತ್ರ ಗಿಂತ್ರ ಏನೂ ಬಿಟ್ಟಿಲ್ವಲ್ಲ?"

ಸ್ವಾಮಿಗಳ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. "ನಾನೇ ನಿಂತು ಮಾಡ್ಸಿದ್ದು! ಒಂದಕ್ಷರ ಬಿಟ್ಟಿಲ್ಲ!"

"ಅಂದ್ರೆ ಇವ್ಳೇ ಮೊದಲ್ನೇ ಹೆಂಡ್ತಿ. ಉಳಿದವ್ಳಾ ಸತ್ತವ್ಳಾ?"

"ಅದೇ... ಉಳಿದವ್ಳೆ."

"ಮೂರು ಸತಿ ಮಚ್ಚು ಬಿದ್ರೂ ಉಳಿದವ್ಳೆ. ಹಂಗಾದ್ರೆ ಕುಜನ ಕೈಲಿ ಆಗ್ಲಿಲ್ಲ ಅಂತಾಯ್ತಲ್ಲ. ದೋಷ ಎಲ್ಲಿ ಬಂತು?"

ಸ್ವಾಮಿಗಳು ಬೆರಳಲ್ಲಿ ಏನೋ ಎಣಿಸಿದ್ರು, ಮತ್ತೆ ಮೊದಲಿಂದ ಎಣಿಸಿದ್ರು. ಕರಿಯಯ್ಯ, "ಕೇಸ್ ಡಿಸ್ಮಿಸ್," ಅಂದು ಪೆನ್ನಿಗೆ ಕ್ಯಾಪ್ ಹಾಕಿದ್ರು.

ಚಲುವಮ್ಮ ಅರ್ಧ ಸೋತಿದ್ಳು. "ಆದ್ರೂ ಸವತಿ ಕಣೇ. ಬದುಕಿರೋ ಸವತಿ!"

"ನಮ್ಮ ತೋಟದಲ್ಲಿ ಎಂಟ್ನೂರು ಬಾಳೆ ಅವೆ, ಎಲ್ಲಾಕೂ ನಾನೇ ಗೊಬ್ಬರ ಹಾಕಾದು. ಇದೊಂದು ಹೆಚ್ಚಾ? ಅವ್ವ, ಇದು ರಸಬಾಳೆ ಕಣವ್ವ. ರೋಗ ತಗುಲದ ಕಂದು ಸಿಗ್ದೆ ಅಪ್ಪ ಎರಡು ವರ್ಷದಿಂದ ಊರೂರು ತಿರುಗ್ತಾ ಅವ್ರೆ. ಇಲ್ಲಿ ನೋಡು, ಮೂರು ಕಂದೂ ಚೊಕ್ಕಟ." ಅಂದು ಚಿಕ್ಕಪ್ಪನ ಕಡೆ ತಿರುಗಿದ್ಳು. "ಏನ್ರೀ, ಕೂಸುಗಳಿರೋ ತಾಯೀನ ಕೀಳಲ್ಲ ಅಂದ್ರಂತೆ, ನಿಜಾನಾ?"

ಚಿಕ್ಕಬಸಮ್ಮನ ಸುದ್ದೀಲಿ ಅದೂ ಹೋಗಿತ್ತು ನೋಡಿ.

ಚಿಕ್ಕಪ್ಪ ಕೂತಲ್ಲಿಂದಾನೇ ತಲೆ ಆಡಿಸ್ದ.

"ನನ್ನ ಮದ್ವೆಯಾದ್ರೆ ಇವ್ಳನ್ನ ಇನ್ನೊಂದ್ಸಲ ಕಡೀತೀರಾ?"

"ಇಲ್ಲ," ಅಂದ. ಆಮೇಲೆ ಯೋಚಿಸಿ, "ನಿಮ್ಮನ್ನೂ ಕಡಿಯಲ್ಲ," ಅಂದ.

ಅವಳು ಮತ್ತೆ ನಕ್ಕಳು, ಕಾಫಿ ಲೋಟದ ದಿನ ನಕ್ಕಂಗೇ. ಪುಟ್ಟಸ್ವಾಮಿ ಆಗ್ಲೇ ಕಂದುಗಳನ್ನ ಗೋಣಿಚೀಲಕ್ಕೆ ತುಂಬೋದು ಹೆಂಗೆ ಅಂತ ಅಳತೆ ನೋಡ್ತಿದ್ರು. ಚಲುವಮ್ಮ ನಿಟ್ಟುಸಿರು ಬಿಟ್ಟು, ಹೊರಟಿದ್ದವಳು ತಿರುಗಿ ಬಂದು, ಬಾಳೆ ಬುಡದಲ್ಲಿದ್ದ ಊಟದ ತಟ್ಟೆ ಎತ್ತಿ ಚಿಕ್ಕಪ್ಪನ ಕೈಗೆ ಕೊಟ್ಟು, "ಉಣ್ಣಿ, ಆರೋಯ್ತದೆ," ಅಂದ್ಳು. ಮದುವೆ ಗಟ್ಟಿ ಆಯ್ತು ಅಂತ ಅಲ್ಲಿಗೆ ಎಲ್ಲಾರಿಗೂ ಗೊತ್ತಾಯ್ತು.

ಮದುವೆ ಚೆನ್ನಾಗೇ ಆಯ್ತು. ಕೋಮಲ ಚಿಕ್ಕಮ್ಮ ಹೊಸಿಲು ದಾಟಿ ಬಂದವಳು ಮೊದಲು ಹಿತ್ತಲಿಗೆ ಹೋಗಿ ಹಿರಿಯವಳಿಗೆ ಒಂದು ಚೊಂಬು ನೀರು ಹಾಕಿದ್ಳು. ಮೂರು ಕಂದೂ ಹೆಮ್ಮಿಗೆ ತೋಟದಲ್ಲಿ ಈಗ ನನಗಿಂತ ಎತ್ತರ ಇವೆ. ಪುಟ್ಟಸ್ವಾಮಿ ಬಂದೋರಿಗೆಲ್ಲಾ ತೋರಿಸಿ, "ನಮ್ಮ ಅಳಿಯನ ಮೊದಲ್ನೇ ಸಂಸಾರದ್ದು," ಅಂತಾರೆ. ಗಂಗಾಧರಸ್ವಾಮಿಗಳು ನಂಗೆ ಆಗಾಗ ಫೋನ್ ಮಾಡ್ತಾರೆ. ಮೊನ್ನೆ ಮೆಲ್ಲಗೆ ಕೇಳಿದ್ರು, "ಮಗಾ, ಒಂದ್ಸಲ ಕಡಿದ್ರೆ ಮತ್ತೆ ಚಿಗುರದೇ ಇರೋ ಗಿಡ ಯಾವ್ದಾದ್ರೂ ಇದ್ರೆ ಹೇಳವ್ವ." ವಿಜ್ಞಾನಕ್ಕೆ ಸಿಕ್ಕ ಇದಕ್ಕಿಂತ ದೊಡ್ಡ ಸನ್ಮಾನ ನಾನು ಕಂಡಿಲ್ಲ.

ಹೋದ ತಿಂಗಳು ಹಿತ್ತಲ ಬಾಳೆಯ ಗೊನೆ ಕೊಯ್ದ್ವಿ. ಅಷ್ಟು ಕಡಿಸ್ಕೊಂಡೂ ಹೂವು ಹಾಕ್ತು ಅಂದ್ರೆ ನೀವೇ ಯೋಚ್ನೆ ಮಾಡಿ. ಚಿಕ್ಕಪ್ಪ ಫ್ಯಾಕ್ಟ್ರಿಗೆ ಒಯ್ದು ಲಾರಿ ತೂಕದ ಕಟ್ಟೆ ಮೇಲೆ ಇಟ್ಟು ತೂಕ ಹಾಕ್ಕೊಂಡು ಬಂದ. ತೊಂಬತ್ತೆರಡು ಕೇಜಿ ಅಂದ. ಅದರಲ್ಲಿ ಗೊನೆ ಎಷ್ಟು, ಅವನೆಷ್ಟು ಅಂತ ನಾವು ಯಾರೂ ಕೇಳ್ಲಿಲ್ಲ.

ಹಣ್ಣು ಹಂಚೋ ದಿನ ಚಿಕ್ಕಬಸಮ್ಮನ ತಲೆ ಎಂದಿನಂಗೆ ಕಾಂಪೌಂಡ್ ಮೇಲೆ ಬಂತು. "ಕೆಂಪಾಜಮ್ಮಾ, ನಿಮ್ಮ ಬಾಳೆ ಮರ..."

ನಾನು ಬಾಯಿ ತೆಗೆಯೋಕೆ ಮುಂಚೆ ಅಜ್ಜಿ ಸೊಂಟಕ್ಕೆ ಕೈ ಇಟ್ಕೊಂಡು ತಿರುಗಿದ್ಳು.

"ಮರ ಗಿರ ಅಂದೀಯೆ, ಉಸಾರು! ಮೂಲಿಕೆ ಕಣೇ ಅದು. ನಮ್ಮ ಇರೀ ಸೊಸೆ."